ಮಾತು ತಲುಪುವ ತನಕ

ವೃತ್ತಿಯಿಂದ ನಾನು ಲೆಕ್ಕಪರಿಶೋಧಕ. ಪ್ರೇಮಕಥೆಗಳು ನನಗಲ್ಲ, ಚಿತ್ರಕಥೆಗಳಂತೂ ಮಕ್ಕಳಿಗೆ ಎಂದು ನಂಬಿದ್ದವನು. ಸಿಂಗಪುರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಮಗಳು ಬಿಟ್ಟುಹೋದ ‘ಕಿಮಿ ನಿ ತೊಡೊಕೆ’ಯ ಇಂಗ್ಲಿಷ್ ಅನುವಾದವನ್ನು ಒಂದು ರಾತ್ರಿ ಸುಮ್ಮನೆ ತೆರೆದೆ. ತೆರೆದದ್ದೂ ತಪ್ಪು ಬದಿಯಿಂದ. ಜಪಾನಿನ ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ‘ಅಪ್ಪ, ಕೊನೇ ಪುಟದಿಂದ ಶುರುಮಾಡಿದ್ದೀಯ’ ಎಂದು ಮಗಳು ನಕ್ಕಳು.

ಹೆಸರಿನ ಅರ್ಥ, ನಿನಗೆ ತಲುಪಲಿ ಎಂದು. ಕರುಹೊ ಶೀನಾ ಬರೆದು ಚಿತ್ರಿಸಿದ ಈ ಕಥೆ 2005ರಿಂದ 2017ರವರೆಗೆ ‘ಬೆಸ್ಸಾತ್ಸು ಮಾರ್ಗರೆಟ್’ ಪತ್ರಿಕೆಯಲ್ಲಿ ಬಂದು 30 ಸಂಪುಟಗಳಾಯಿತು. 2008ರಲ್ಲಿ ಕೊದಾನ್ಶಾ ಮಾಂಗಾ ಪ್ರಶಸ್ತಿ ಪಡೆಯಿತು. ನಾಯಕಿ ಸವಾಕೊ ಹೈಸ್ಕೂಲು ಹುಡುಗಿ. ಉದ್ದನೆಯ ಕಪ್ಪು ಕೂದಲು, ನಗಲು ಹೋದರೆ ಎದುರಿನವರಿಗೆ ನಡುಕ. ‘ರಿಂಗ್’ ಎಂಬ ದೆವ್ವದ ಕಥೆಯ ಸದಾಕೊ ಎಂಬ ಹೆಸರನ್ನೇ ತರಗತಿಯವರು ಇವಳಿಗೆ ಅಂಟಿಸಿದ್ದಾರೆ. ಅವಳು ಬೇಸರಿಸಿಕೊಳ್ಳುವುದಿಲ್ಲ, ತಿದ್ದುವುದೂ ಇಲ್ಲ. ಎಲ್ಲರೂ ಮೆಚ್ಚುವ ಕಜೆಹಾಯಾ ಮಾತ್ರ ಅವಳನ್ನು ಅವಳ ನಿಜವಾದ ಹೆಸರಿನಿಂದಲೇ ಗುರುತಿಸುತ್ತಾನೆ.

ಈ ಜಾಗದಲ್ಲಿ ನಾನು ಪುಸ್ತಕ ಕೆಳಗಿಟ್ಟೆ. ಹದಿನೈದು ವರ್ಷಗಳ ಹಿಂದೆ ಇಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ನನ್ನ ಉದ್ದನೆಯ ಹೆಸರನ್ನು ಸಹೋದ್ಯೋಗಿಗಳು ಎರಡಕ್ಷರಕ್ಕೆ ಇಳಿಸಿದ್ದರು. ಅವರಿಗೆ ಅನುಕೂಲವಾಗಲಿ ಎಂದು ನಾನೂ ಸುಮ್ಮನಿದ್ದೆ. ಮಗಳ ಹೆಸರನ್ನು ಶಾಲೆಯಲ್ಲಿ ತಿರುಚಿದಾಗ ‘ನಕ್ಕು ಬಿಟ್ಟುಬಿಡು ಪುಟ್ಟಿ’ ಎಂದು ಬುದ್ಧಿ ಹೇಳಿದವನೂ ನಾನೇ.

ಸವಾಕೊ ತನಗೆ ಬಿದ್ದ ಅಪವಾದವನ್ನು ಸಹಿಸುತ್ತಾಳೆ. ಆದರೆ ಗೆಳತಿಯರಾದ ಯಾನೊ ಮತ್ತು ಯೊಶಿದಾ ಬಗ್ಗೆ ಶಾಲೆಯ ಶೌಚಾಲಯದಲ್ಲಿ ಹುಡುಗಿಯರು ಕೆಟ್ಟದಾಗಿ ಮಾತಾಡಿದಾಗ, ಆಡಿದ್ದನ್ನು ಹಿಂತೆಗೆದುಕೊಳ್ಳಿ ಎಂದು ಒಬ್ಬಳೇ ಎದುರು ನಿಲ್ಲುತ್ತಾಳೆ. ನನ್ನ ಮಟ್ಟಿಗೆ ಇಡೀ ಕೃತಿಯ ಅತ್ಯುತ್ತಮ ಭಾಗ ಇದು. ಪ್ರೀತಿಗೂ ಮೊದಲು ಅವಳ ಮಾತು ತಲುಪುವುದು ಗೆಳತಿಯರನ್ನು.

ತೆರೆಯ ಮೇಲೆ ಇದು ಏನಾಯಿತು? ಪ್ರೊಡಕ್ಷನ್ ಐ.ಜಿ. ಸಂಸ್ಥೆ ತಯಾರಿಸಿದ ಅನಿಮೇಷನ್ ಸರಣಿಯ ಮೊದಲ ಭಾಗ 2009ರಲ್ಲಿ, ಎರಡನೆಯದು 2011ರಲ್ಲಿ ಬಂತು. ತಿಳಿ ಬಣ್ಣಗಳಲ್ಲಿ, ಅವಸರವಿಲ್ಲದೆ ಅದು ಸವಾಕೊಳ ಮೌನವನ್ನು ಕಾಯ್ದುಕೊಂಡಿದೆ. 2010ರಲ್ಲಿ ನವೊತೊ ಕುಮಾಜಾವಾ ನಿರ್ದೇಶಿಸಿದ ಚಲನಚಿತ್ರದಲ್ಲಿ ಮಿಕಾಕೊ ತಾಬೆ ಆ ಬಿಗಿದ ನಗುವನ್ನು ಸೊಗಸಾಗಿ ಹಿಡಿದಿದ್ದಾರೆ. ಹರುಮಾ ಮಿಯುರಾ ಅವರ ಕಜೆಹಾಯಾ ಕೂಡ ಒಪ್ಪುತ್ತಾನೆ. ಆದರೆ ಸಿನಿಮಾಕ್ಕೆ ಇರುವುದು ಎರಡು ಗಂಟೆ ಮಾತ್ರ. ಒಂದು ಮಾತು ಬಾಯಿಗೆ ಬರಲು ತಿಂಗಳುಗಟ್ಟಲೆ ಒದ್ದಾಡುವ ಹುಡುಗಿಯ ಕಥೆಯಲ್ಲಿ ಆ ಒದ್ದಾಟವನ್ನೇ ಕತ್ತರಿಸಿದರೆ ಉಳಿಯುವುದು ಬರೀ ಘಟನೆಗಳು. 2023ರ ನೆಟ್‌ಫ್ಲಿಕ್ಸ್ ಧಾರಾವಾಹಿಗೆ ಸಮಯ ಹೆಚ್ಚಿದ್ದರಿಂದ ಗೆಳತಿಯರಿಗೆ ನ್ಯಾಯ ಸಿಕ್ಕಿದೆ.

ನನ್ನ ಮುಖ್ಯ ತಕರಾರು ಬೇರೆ. ಸಿನಿಮಾ ಮತ್ತು ಅನಿಮೇಷನ್‌ನ ಮೊದಲೆರಡು ಭಾಗಗಳಿಗೆ ಪ್ರೇಮನಿವೇದನೆಯೇ ಗುರಿ. ಅಲ್ಲಿಗೆ ಲೆಕ್ಕ ಮುಗಿಯಿತು, ಖಾತೆ ಮುಚ್ಚಿತು. ಮಾಂಗಾದಲ್ಲಾದರೋ ಆ ನಿವೇದನೆ ಬರುವುದು ಸುಮಾರು ಮೂರನೇ ಒಂದು ಭಾಗದಲ್ಲಿ. ಉಳಿದ ಸಂಪುಟಗಳು, ಪರಸ್ಪರ ಒಪ್ಪಿದ ಮೇಲೂ ಮಾತು ತಲುಪಿಸುವುದು ಎಷ್ಟು ಕಷ್ಟ ಎಂಬುದರ ಕಥೆ. ಕೊನೆಗೆ ಸವಾಕೊ ಶಿಕ್ಷಕಿಯಾಗುವ ಓದಿಗಾಗಿ ಊರು ಬಿಡಲು ನಿರ್ಧರಿಸುತ್ತಾಳೆ. ಜೊತೆಗೆ ಓದುವವಳು ಒಂದು ಕಾಲದ ಪ್ರತಿಸ್ಪರ್ಧಿ ಕುರುಮಿ! ಪ್ರೀತಿ ಇರುವ ಊರನ್ನು ಬಿಟ್ಟು ಹೊರಡುವುದು ದ್ರೋಹವಲ್ಲ ಎಂದು ಲೇಖಕಿ ಗದ್ದಲವಿಲ್ಲದೆ ಹೇಳುತ್ತಾರೆ. ಊರು ಬಿಟ್ಟುಬಂದ ನನ್ನಂಥವರಿಗೆ ಇದು ಸಣ್ಣ ಮಾತಲ್ಲ.

ಕೊರತೆಗಳಿಲ್ಲವೆಂದಲ್ಲ. ಒಂದೇ ಬಗೆಯ ತಪ್ಪುತಿಳಿವಳಿಕೆ ಮತ್ತೆ ಮತ್ತೆ ಬಂದು ನಡುವಿನ ಸಂಪುಟಗಳು ಎಳೆದಾಡುತ್ತವೆ. ಕಜೆಹಾಯಾ ಬಹಳ ಹೊತ್ತು ಒಳ್ಳೆಯತನದ ಗೊಂಬೆಯಾಗಿಯೇ ಇರುತ್ತಾನೆ. ಅವನ ಅಸೂಯೆ, ಅಪ್ಪನೊಂದಿಗಿನ ಜಗಳ ಬಂದ ಮೇಲೆ ಮನುಷ್ಯನಾಗುತ್ತಾನೆ.

ಕೊನೆಯ ಸಂಪುಟ ಮುಗಿಸಿದ ವಾರ ಮಗಳನ್ನು ಕೇಳಿದೆ, ‘ಶಾಲೆಯಲ್ಲಿ ಈಗಲೂ ಹಾಗೇ ಕರೀತಾರಾ?’

ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ‘ಇಲ್ಲಪ್ಪ. ಹೋದ ವರ್ಷವೇ ಹೇಳಿ ತಿದ್ದಿದೆ. ನಿಮ್ಮ ಆಫೀಸಲ್ಲಿ?’

ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಇಮೇಲ್‌ನ ಕೊನೆಯಲ್ಲಿ ಮೊದಲ ಬಾರಿಗೆ ನನ್ನ ಹೆಸರನ್ನು ಪೂರ್ತಿಯಾಗಿ ಬರೆದೆ.