ಬಾಗಿಲಲ್ಲಿ ನಿಂತ ಹೆಣ್ಣು: ‘ಘಾಚರ್ ಘೋಚರ್’ ಮತ್ತು ಅದರ ಓದುಗರು

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಪ್ರಕಟವಾದದ್ದು 2013ರಲ್ಲಿ. ಶ್ರೀನಾಥ್ ಪೇರೂರರ ಇಂಗ್ಲಿಷ್ ಅನುವಾದದ ಮೂಲಕ ಅದು ಹೊರನಾಡುಗಳ ಓದುಗರನ್ನೂ ತಲುಪಿದೆ. ಗಾತ್ರದಲ್ಲಿ ಕಿರಿದಾದ ಈ ಕೃತಿಯನ್ನು ನೀಳ್ಗತೆ ಎನ್ನಬೇಕೋ ಕಾದಂಬರಿ ಎನ್ನಬೇಕೋ ಎಂಬಲ್ಲಿಂದಲೇ ಭಿನ್ನಾಭಿಪ್ರಾಯಗಳು ಆರಂಭವಾಗುತ್ತವೆ. ಆ ಚರ್ಚೆಯನ್ನು ಸಾಹಿತ್ಯ ವಿಮರ್ಶಕರಿಗೆ ಬಿಡೋಣ. ಕೃತಿಯನ್ನು ಓದಿದವರ ನಡುವೆ ಏಳುವ ಬೇರೆ ಕೆಲವು ಭಿನ್ನಮತಗಳು ಪಾಪ, ಪಶ್ಚಾತ್ತಾಪ ಮತ್ತು ಕುಟುಂಬವನ್ನು ಕುರಿತ ನಮ್ಮ ಬೋಧನೆಗೆ ನೇರವಾಗಿ ಸಂಬಂಧಿಸಿವೆ. ಅವುಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕಥಾವಸ್ತು ಸರಳವಾದುದು. ಬೆಂಗಳೂರಿನ ಕೆಳಮಧ್ಯಮ ವರ್ಗದ ಒಂದು ಸಂಸಾರ. ಅಪ್ಪ ಪ್ರಾಮಾಣಿಕ ಸೇಲ್ಸ್‌ಮನ್. ಪ್ರತಿಯೊಂದು ವೆಚ್ಚವನ್ನೂ ಮನೆಯವರೆಲ್ಲ ಕೂಡಿ ತೂಗಿ ನೋಡುತ್ತಿದ್ದ ಕಾಲವದು. ಅಪ್ಪನ ಉದ್ಯೋಗ ಹೋದ ಮೇಲೆ ಚಿಕ್ಕಪ್ಪ ವೆಂಕಟಾಚಲ ಆರಂಭಿಸಿದ ‘ಸೋನಾ ಮಸಾಲಾ’ ವ್ಯಾಪಾರ ಕುದುರಿ ಮನೆ ಸಿರಿವಂತವಾಗುತ್ತದೆ. ಅಲ್ಲಿಂದ ಮುಂದೆ ಅಮ್ಮ, ಗಂಡನನ್ನು ಬಿಟ್ಟು ಬಂದ ಅಕ್ಕ ಮಾಲತಿ, ಹೆಸರಿಗಷ್ಟೇ ಡೈರೆಕ್ಟರನಾದ ನಿರೂಪಕ, ಎಲ್ಲರೂ ಚಿಕ್ಕಪ್ಪನ ಸುತ್ತ ಕಾವಲು ನಿಲ್ಲುತ್ತಾರೆ. ಹೈದರಾಬಾದಿನಿಂದ ಸೊಸೆಯಾಗಿ ಬಂದ ಅನಿತಾ ಮಾತ್ರ ಈ ವ್ಯವಸ್ಥೆಯನ್ನು ಪ್ರಶ್ನಿಸುತ್ತಾಳೆ. ಶೀರ್ಷಿಕೆಯ ಪದ ಅವಳ ತವರಿನದು. ಬಿಡಿಸಲಾಗದಂತೆ ಸಿಕ್ಕಾದುದನ್ನು ಸೂಚಿಸಲು ಅವರ ಮನೆಯವರೇ ಹುಟ್ಟಿಸಿಕೊಂಡ, ನಿಘಂಟಿನಲ್ಲಿಲ್ಲದ ಪದ. ಕೊನೆಯಲ್ಲಿ ತವರಿಗೆ ಹೋದ ಅನಿತಾಳಿಂದ ಸುದ್ದಿಯಿಲ್ಲ. ಮನೆಯವರು ಮಾತಿನ ನಡುವೆ ಕೊಲೆಗಳ ಪ್ರಸ್ತಾಪ ಮಾಡಿದ್ದಾರೆ. ನಿರೂಪಕ ಕಾಫಿ ಹೌಸಿನಲ್ಲಿ ಕುಳಿತಿದ್ದಾನೆ. ಕೈಯಲ್ಲಿದ್ದ ಲೋಟ ಒಡೆಯುತ್ತದೆ. ಕೈಗೆ ರಕ್ತ ಅಂಟಿದೆ, ತೊಳೆದುಕೊಳ್ಳಬೇಕೆಂದು ಮಾಣಿ ವಿನ್ಸೆಂಟ್ ಸೂಚಿಸುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಓದುಗರ ಮೊದಲ ಭಿನ್ನಮತ ಈ ಮುಕ್ತಾಯವನ್ನು ಕುರಿತದ್ದು. ಅನಿತಾಳಿಗೆ ಏನಾಯಿತೆಂಬುದನ್ನು ಹೇಳದೆ ಬಿಟ್ಟದ್ದು ಲೇಖಕರ ಜಾರಿಕೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಸೂಚನೆಗಳು ಸ್ಪಷ್ಟವಾಗಿವೆ, ಕೊಲೆ ನಡೆದಿದೆ ಎಂದು ಇನ್ನು ಕೆಲವರು ವಾದಿಸುತ್ತಾರೆ. ಇಬ್ಬರೂ ಬಯಸುವುದು ಒಂದು ತೀರ್ಪನ್ನು. ನಮ್ಮ ಅಭಿಪ್ರಾಯದಲ್ಲಿ ಆ ತೀರ್ಪನ್ನು ತಡೆಹಿಡಿದಿರುವುದೇ ಕೃತಿಯ ನೈತಿಕ ಬಲ. ಕೊಲೆ ಖಚಿತವಾಗಿದ್ದರೆ ಅಪರಾಧವೆಲ್ಲ ಕೊಲೆಗಾರನ ತಲೆಗೆ ಹೋಗಿ ಉಳಿದವರು ಸಾಕ್ಷಿಗಳಾಗಿಬಿಡುತ್ತಿದ್ದರು. ಅನಿತಾ ಸುರಕ್ಷಿತಳಾಗಿ ಮರಳಿದ್ದರೆ ಎಲ್ಲವೂ ಬರಿಯ ಮಾತಾಗುತ್ತಿತ್ತು. ಈಗ ನಮ್ಮ ಮುಂದಿರುವ ಪ್ರಶ್ನೆ ಬೇರೆ: ಇಂಥದ್ದೊಂದು ನಡೆಯಬಹುದೆಂದು ಊಹಿಸಬಲ್ಲ ಮನುಷ್ಯ, ಎದ್ದು ಹೋಗದೆ ಕಾಫಿ ಕುಡಿಯುತ್ತ ಕುಳಿತಿರುವನಲ್ಲ, ಅವನ ಸ್ಥಿತಿ ಏನು? ತಕ್ಕುದನ್ನು ಬಲ್ಲವನಾಗಿಯೂ ಮಾಡದಿರುವುದು ಪಾಪವೆಂದು ಯಕೋಬನ ಪತ್ರ ಬೋಧಿಸುತ್ತದೆ. ಪ್ರತಿ ಬಲಿಪೂಜೆಯ ಆರಂಭದಲ್ಲಿ ನಾವು ಅರಿಕೆ ಮಾಡುವ ಕರ್ತವ್ಯಲೋಪಕ್ಕೆ ಇಷ್ಟು ನಿಖರವಾದ ಚಿತ್ರಣ ಆಧುನಿಕ ಕನ್ನಡದಲ್ಲಿ ವಿರಳ.

ಎರಡನೆಯ ಭಿನ್ನಮತ ಸ್ತ್ರೀಪಾತ್ರಗಳನ್ನು ಕುರಿತದ್ದು. ಕೃತಿಯ ಅತ್ಯಂತ ಕಠೋರ ಪ್ರಸಂಗ ಮನೆಯ ಬಾಗಿಲಲ್ಲಿ ನಡೆಯುತ್ತದೆ. ಚಿಕ್ಕಪ್ಪನನ್ನು ಕೇಳಿಕೊಂಡು, ಅವನಿಗೆ ಪ್ರಿಯವಾದ ಅಡುಗೆಯನ್ನು ತಂದ ಹೆಣ್ಣೊಬ್ಬಳನ್ನು ಅಮ್ಮ ಮತ್ತು ಮಾಲತಿ ಬಾಯಿಗೆ ಬಂದಂತೆ ನಿಂದಿಸಿ ಅಟ್ಟುತ್ತಾರೆ. ಕ್ರೌರ್ಯವನ್ನೆಲ್ಲ ಹೆಂಗಸರ ನಾಲಗೆಗೇ ಹೊರಿಸಿರುವುದು ಅನ್ಯಾಯವೆಂಬ ಆಕ್ಷೇಪಕ್ಕೆ ಆಧಾರವಿಲ್ಲವೆನ್ನಲಾಗದು. ಆದರೆ ಈ ದೃಶ್ಯವನ್ನು ನಮಗೆ ತೋರಿಸುವವನು ನಿರೂಪಕ ಎಂಬುದನ್ನು ಮರೆಯಬಾರದು. ಅವನ ಕಿವಿಗೆ ಹೆಂಗಸರ ಬೈಗುಳ ಕೇಳಿಸುತ್ತದೆ. ಒಳಗಿನಿಂದ ಹೊರಬಾರದ ಚಿಕ್ಕಪ್ಪನ ಮೌನವನ್ನೂ ತನ್ನ ಮೌನವನ್ನೂ ಅವನು ಅದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಗಂಡಸರ ಸುಖಕ್ಕಾಗಿ ಹೆಂಗಸರು ಬಾಗಿಲು ಕಾಯುತ್ತಾರೆ, ಆಮೇಲೆ ಅಪಕೀರ್ತಿಯೂ ಅವರದ್ದೇ ಆಗುತ್ತದೆ. ಆ ಹೊತ್ತಿನಲ್ಲಿ ಹೊರಗಿನವಳ ಪರವಾಗಿ ಮಾತನಾಡಿದವಳು ಅನಿತಾ ಒಬ್ಬಳೇ. ಅವಳ ಮಾತಿನಲ್ಲಿ ಅಹಂಕಾರವಿದೆ, ಹೊಂದಿಕೊಳ್ಳುವ ಗುಣವಿಲ್ಲ ಎನ್ನುವ ಓದುಗರೂ ಉಂಟು. ಪ್ರವಾದಿಗಳ ಬಗೆಗೂ ಅವರ ಕಾಲದವರು ಹೀಗೆಯೇ ಅಂದಿರಬೇಕು. ಆದರೂ ಅನಿತಾಳನ್ನು ಸಂತಳನ್ನಾಗಿಸುವುದು ಬೇಡ. ಅವಳ ಚುಚ್ಚುಮಾತುಗಳನ್ನು ಲೇಖಕರು ಮರೆಮಾಚಿಲ್ಲ.

ಮೂರನೆಯದಾಗಿ, ಈ ಸಂಸಾರವನ್ನು ಕೆಡಿಸಿದ್ದು ಯಾವುದು? ಹಣವೆಂಬುದು ಹೆಚ್ಚಿನವರ ಉತ್ತರ. ನಿರೂಪಕನ ಒಲವೂ ಆ ಕಡೆಗೇ ಇದೆ. ಆದರೆ ಬಡತನದ ದಿನಗಳಲ್ಲಿಯೇ ಅಮ್ಮ ಮತ್ತು ಮಾಲತಿ ಆ ಪುಟ್ಟ ಮನೆಯ ಇರುವೆಗಳ ಮೇಲೆ ಸಾರಿದ ಸಮರವನ್ನು ನೆನೆಯಬೇಕು. ಕೊಲ್ಲುವುದರಲ್ಲಿಯೇ ಒಂದು ಉತ್ಸಾಹ ಅಲ್ಲಿತ್ತು. ತಮ್ಮವರಲ್ಲದ್ದನ್ನು ಹೊಸಕಿಹಾಕುವ ಅಭ್ಯಾಸ ಹಣಕ್ಕಿಂತ ಹಳೆಯದು; ಹಣ ಅದಕ್ಕೆ ಕೈಕಾಲು ಕೊಟ್ಟಿತು. ನಾವು ಮೆಚ್ಚುವ ಆ ಒಗ್ಗಟ್ಟೇ ಗೋಡೆಯಾಗಿ ಬೆಳೆಯಿತೆಂಬುದು ಈ ಕೃತಿಯ ಅತಿ ಕಹಿಯಾದ ದರ್ಶನ. ಸಂತ ಎರಡನೆಯ ಜಾನ್ ಪೌಲರು 1984ರಲ್ಲಿ ಹೊರಡಿಸಿದ ‘ರೆಕನ್ಸಿಲಿಯಾಸಿಯೊ ಎತ್ ಪೆನಿತೆನ್ಸಿಯಾ’ ಎಂಬ ಪ್ರೇರಣಾಪತ್ರದಲ್ಲಿ ಸಾಮಾಜಿಕ ಪಾಪವನ್ನು ವಿವರಿಸುತ್ತ, ಅದು ಅನೇಕ ವೈಯಕ್ತಿಕ ಪಾಪಗಳು ಸೇರಿ ಆದದ್ದೆಂದರು. ಕೆಡುಕನ್ನು ಮಾಡಿದವರ ಜೊತೆಗೆ, ಭಯದಿಂದಲೋ ಆಲಸ್ಯದಿಂದಲೋ ಮೌನದಿಂದಲೋ ಅದನ್ನು ತಡೆಯದವರನ್ನೂ ಅವರು ಲೆಕ್ಕಕ್ಕೆ ಹಿಡಿದರು. ‘ವ್ಯವಸ್ಥೆಯೇ ಹಾಗಿದೆ’ ಎಂಬ ಮಾತಿನ ಹಿಂದೆ ಯಾರೂ ಅಡಗಬಾರದೆಂಬುದೇ ಆ ಬೋಧನೆಯ ತಿರುಳು. ಚಿಕ್ಕಪ್ಪನ ಸಂಪಾದನೆಯನ್ನು ಉಣ್ಣುವ ಪ್ರತಿಯೊಬ್ಬರೂ ತಮ್ಮ ಪಾಲಿನ ಮೌನವನ್ನು ಕಂದಾಯದಂತೆ ಸಲ್ಲಿಸುತ್ತಿರುವ ಮನೆಯನ್ನು ಶಾನಭಾಗರು ಚಿತ್ರಿಸಿದ್ದಾರೆ.

ಇನ್ನು ವಿನ್ಸೆಂಟ್. ಅವನನ್ನು ಹಾಸ್ಯದ ಪಾತ್ರವೆಂದು ಕೆಲವರೂ, ಜ್ಞಾನಿಯೆಂದು ಕೆಲವರೂ ಓದಿದ್ದಾರೆ. ಅವನ ಚುಟುಕು ಮಾತುಗಳನ್ನು ದೇವವಾಣಿಯೆಂಬಂತೆ ಸ್ವೀಕರಿಸುವ ನಿರೂಪಕ ಕಾಫಿ ಹೌಸಿಗೆ ಮತ್ತೆಮತ್ತೆ ಬರುತ್ತಾನೆ. ಯಾಜಕರಾದ ನಮಗೆ ಇಲ್ಲೊಂದು ಪಾಪನಿವೇದನೆಯ ಪೀಠ ಕಾಣದೆ ಇರದು. ಆದರೆ ಅಲ್ಲಿ ನಿವೇದನೆಯೇ ನಡೆಯುವುದಿಲ್ಲ. ನಿರೂಪಕ ತನ್ನ ಪಾಪವನ್ನು ಬಾಯಿಬಿಟ್ಟು ಹೇಳದೆ, ಸಮಾಧಾನವನ್ನು ಮಾತ್ರ ಅಪೇಕ್ಷಿಸುತ್ತಾನೆ. ಕೈ ತೊಳೆಯುವ ಮಾತನ್ನು ಕೇಳಿದೊಡನೆ ಪಿಲಾತನ ನೆನಪಾಗುವುದು ಸಹಜ. ಜನಸಮೂಹದ ಎದುರು ಕೈ ತೊಳೆದುಕೊಂಡ ಆತ ಮಾಡಿದ್ದೂ ಇದನ್ನೇ: ತಡೆಯುವ ಅಧಿಕಾರವಿದ್ದೂ ತಡೆಯಲಿಲ್ಲ.

ಹೀಗೆ ಓದುವುದು ಕೃತಿಯ ಮೇಲೆ ನಮ್ಮ ಧರ್ಮಶಾಸ್ತ್ರವನ್ನು ಹೇರಿದಂತಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದು. ಶಾನಭಾಗರು ಪಾಪದ ಬಗ್ಗೆಯಾಗಲಿ ಕ್ಷಮೆಯ ಬಗ್ಗೆಯಾಗಲಿ ಬೋಧಿಸಹೊರಟವರಲ್ಲ. ಅವರ ಕೃತಿಯಲ್ಲಿ ವಿಮೋಚನೆಯ ಬಾಗಿಲನ್ನು ಹುಡುಕಿದರೆ ಸಿಗದು. ಇಲ್ಲದುದನ್ನು ನಾವು ಸೇರಿಸಲೂಬಾರದು. ಸಾಹಿತ್ಯವನ್ನು ಪ್ರಬೋಧನೆಯ ದೃಷ್ಟಾಂತವಾಗಿ ಮಾತ್ರ ಬಳಸುವ ಚಾಳಿ ನಮ್ಮಲ್ಲಿದೆ, ಅದನ್ನು ಬಿಡುವುದು ಒಳಿತು. ಆದರೆ ರೋಗದ ಲಕ್ಷಣಗಳನ್ನು ಒಬ್ಬರು ಯಥಾವತ್ತಾಗಿ ಬರೆದಿಟ್ಟಾಗ, ಅದನ್ನು ಓದಿ ಕಲಿಯದ ವೈದ್ಯ ತನ್ನ ವೃತ್ತಿಗೇ ಲೋಪವೆಸಗುತ್ತಾನೆ.

ನಾವು ಕಲಿಯಬೇಕಾದದ್ದು ಇದೆ. ಕುಟುಂಬವನ್ನು ‘ಗೃಹ ಧರ್ಮಸಭೆ’ ಎಂದು ಕರೆಯುತ್ತೇವೆ, ಅದರ ಐಕ್ಯವನ್ನು ಕೊಂಡಾಡುತ್ತೇವೆ. ಯಾವುದಕ್ಕಾಗಿ ಈ ಐಕ್ಯ, ಯಾರನ್ನು ಹೊರಗಿಟ್ಟು ಎಂದು ಕೇಳುವುದು ಕಡಿಮೆ. ಪಾಪನಿವೇದನೆಗೆ ಬರುವವರು ಕೋಪವನ್ನು ಹೇಳುತ್ತಾರೆ, ಪೂಜೆ ತಪ್ಪಿಸಿದ್ದನ್ನು ಹೇಳುತ್ತಾರೆ. ಮನೆಯವರೆಲ್ಲ ಸೇರಿ ಸೊಸೆಯೊಬ್ಬಳನ್ನು ಒಂಟಿಯಾಗಿಸಿದ್ದನ್ನು, ಆಸ್ತಿಗಾಗಿ ಸುಮ್ಮನಿದ್ದುದನ್ನು ಹೇಳುವವರು ಅಪರೂಪ. ಅದನ್ನು ಪಾಪವೆಂದು ಗುರುತಿಸಲು ನಾವು ಅವರಿಗೆ ಕಲಿಸಿಲ್ಲ. ಆತ್ಮಪರಿಶೋಧನೆಗೆ ಎರಡು ಪ್ರಶ್ನೆಗಳನ್ನಾದರೂ ಸೇರಿಸಬಹುದು: ನಮ್ಮ ಮನೆಯ ನೆಮ್ಮದಿಗೆ ಯಾರು ಬೆಲೆ ತೆರುತ್ತಿದ್ದಾರೆ? ನಮ್ಮ ಬಾಗಿಲಿನಿಂದ ಯಾರನ್ನು ಕಳುಹಿಸಿಬಿಟ್ಟೆವು?

ಸಂತ ಲೂಕನ ಶುಭಸಂದೇಶದ ಧನಿಕನು ಲಾಜರನನ್ನು ಹೊಡೆದನೆಂದಾಗಲಿ ಬೈದನೆಂದಾಗಲಿ ಬರೆದಿಲ್ಲ. ಲಾಜರನು ಬಾಗಿಲಲ್ಲಿ ಬಿದ್ದಿದ್ದ, ಧನಿಕ ಒಳಗೆ ಉಣ್ಣುತ್ತಿದ್ದ, ಅಷ್ಟೆ. ಪಾತಾಳದ ಯಾತನೆಯಲ್ಲಿಯೂ ಅವನಿಗೆ ಕನಿಕರ ಮೂಡುವುದು ತನ್ನ ಐವರು ಸಹೋದರರ ಬಗೆಗೆ ಮಾತ್ರ. ಅಲ್ಲಿಯೂ ಅವನ ಪ್ರೀತಿ ತಂದೆಯ ಮನೆಯ ಹೊಸ್ತಿಲನ್ನು ದಾಟಲಿಲ್ಲ. ‘ಘಾಚರ್ ಘೋಚರ್’ ಓದಿದ ನಂತರ ಈ ವಾಚನಭಾಗವನ್ನು ಬಲಿಪೀಠದ ಮುಂದೆ ನಿಂತು ಮೊದಲಿನಷ್ಟು ಸಲೀಸಾಗಿ ಓದುವುದು ನಮಗೆ ಕಷ್ಟವಾಗಿದೆ.