ದೇವಾಂಗಪೇಟೆಯೊಳಗಿನ ಲಿಯಾನ್

ಫ್ರೆಂಚರ ಸೊಗಸನ್ನು ದಿನನಿತ್ಯದ ಬಾಳಿನಲ್ಲಿ ಸವಿಯಬೇಕು ಎನ್ನುವವರು ಅತ್ತರಿನ ಕಡೆಗೋ ಬೇಕರಿಯ ಕಡೆಗೋ ಹೋಗುತ್ತಾರೆ. ಪುದುಚೇರಿಗೆ ಬಸ್ಸು ಹತ್ತುವವರೂ ಉಂಟು. ನಾನಾದರೆ ಕೊಳ್ಳೇಗಾಲದ ದೇವಾಂಗಪೇಟೆಗೆ ಹೋಗಿ ಎನ್ನುತ್ತೇನೆ. ಕೈಮಗ್ಗ ಇನ್ನೂ ಆಡುತ್ತಿರುವ ಮನೆಯೊಂದರಲ್ಲಿ ಕೇಳಿಕೊಂಡು ಒಳಗೆ ಬನ್ನಿ, ಸೀರೆಯನ್ನು ಆಮೇಲೆ ನೋಡಿ, ಮೊದಲು ತಲೆಯೆತ್ತಿ. ಮಗ್ಗದ ನೆತ್ತಿಯ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳು ಒಂದಕ್ಕೊಂದು ಪೋಣಿಸಿಕೊಂಡು ಇಳಿಬಿದ್ದಿರುತ್ತವೆ. ನೇಕಾರ ಕಾಲಿನಿಂದ ಒತ್ತಿದಾಗಲೆಲ್ಲ ಒಂದು ಕಾರ್ಡು ಸರಿದು ಇನ್ನೊಂದು ಮುಂದೆ ಬರುತ್ತದೆ. ಈ ಏರ್ಪಾಡು ಫ್ರಾನ್ಸಿನ ಲಿಯಾನ್ ನಗರದ್ದು.

ಜೋಸೆಫ್ ಮರಿ ಜಕಾರ್ಡ್ 1752ರಲ್ಲಿ ಅಲ್ಲಿನ ನೇಕಾರನೊಬ್ಬನ ಮನೆಯಲ್ಲಿ ಹುಟ್ಟಿದವನು. ಹೂವು ಬಳ್ಳಿಗಳ ರೇಷ್ಮೆ ನೇಯಬೇಕಾದರೆ ಆಗ ಮಗ್ಗದ ಪಕ್ಕದಲ್ಲಿ ಇನ್ನೊಬ್ಬರು, ಎಷ್ಟೋ ಸಲ ಎಳೆಯ ಮಕ್ಕಳು, ದಿನವಿಡೀ ಹಗ್ಗ ಜಗ್ಗುತ್ತ ನಿಲ್ಲಬೇಕಿತ್ತು. ಆ ಕೆಲಸವನ್ನು ತೂತಿನ ಕಾರ್ಡಿಗೆ ಒಪ್ಪಿಸಬಹುದೆಂದು ಅವನಿಗಿಂತ ಮೊದಲೇ ಕೆಲವರು ಕಂಡುಕೊಂಡಿದ್ದರು. ಅವನು 1804ರ ಹೊತ್ತಿಗೆ ಅದನ್ನು ಹದಕ್ಕೆ ತಂದ. ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಕೊಕ್ಕೆ ಮೇಲೇಳುತ್ತದೆ, ಆ ಕೊಕ್ಕೆಗೆ ಸೇರಿದ ಹಾಸಿನ ಎಳೆಗಳು ಎದ್ದು ಲಾಳಿಗೆ ದಾರಿ ಬಿಡುತ್ತವೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಸೆರಗಿನ ನವಿಲು ಹುಟ್ಟುವುದು ಇಷ್ಟರಿಂದಲೇ. 1839ರಲ್ಲಿ ಲಿಯಾನಿನವರು ಜಕಾರ್ಡ್‌ನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು, ಅದಕ್ಕೆ 24,000 ಕಾರ್ಡು ಬೇಕಾಯಿತಂತೆ. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಆ ಚಿತ್ರವನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ.

ಈ ಯಂತ್ರಕ್ಕೆ ಎತ್ತರ ಬೇಕು. ಲಿಯಾನಿನ ಕ್ರುವಾ ರೂಸ್ ಗುಡ್ಡದ ಮೇಲೆ ನೇಕಾರರಿಗಾಗಿ ಕಟ್ಟಿದ ಮನೆಗಳ ಕೋಣೆಗಳು ಸುಮಾರು ನಾಲ್ಕು ಮೀಟರು ಎತ್ತರ ಇರುವುದು ಅದಕ್ಕೇ. ನಮ್ಮ ಗುಂಡಿ ಮಗ್ಗದಲ್ಲಿ ನೇಕಾರ ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ನೆಲದ ಮಟ್ಟದಲ್ಲೇ ಕೂರುತ್ತಾನೆ. ಹಾಗಾಗಿ ತಗ್ಗು ಸೂರಿನ ಹೆಂಚಿನ ಮನೆಯಲ್ಲೂ ಜಕಾರ್ಡಿಗೆ ಜಾಗ ಸಿಕ್ಕಿತು. ಪರದೇಶದ ವಸ್ತುವೊಂದು ನಮ್ಮ ಮನೆಯ ಅಳತೆಗೆ ಹೀಗೆ ಒಗ್ಗಿಕೊಳ್ಳುವುದು ನನಗೆ ಬಲು ಇಷ್ಟ.

ಇನ್ನು ಸೀರೆ. ಮೇಲ್ಮೈ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ, ರುಚಿ ಬೆಳೆಯುವುದು ಹಿಂಬದಿಯನ್ನು ನೋಡಿದಾಗ. ಒಂದು ಬುಟ್ಟಾವನ್ನು ತಿರುಗಿಸಿ. ಜರಿ ಆ ಹೂವಿನೊಳಗೇ ಸುತ್ತಿ ಸುತ್ತಿ ನಿಂತಿದ್ದರೆ, ಹೂವು ಹೂವಿಗೂ ಬೇರೆ ಕಿರುಲಾಳಿ ಇಟ್ಟು ಕೈಯಿಂದ ಕೂಡಿಸಿದ್ದಾರೆ ಎಂದು ತಿಳಿಯಿರಿ. ಹೂವಿಂದ ಹೂವಿಗೆ ಹಾದ ಜರಿಯನ್ನು ಆಮೇಲೆ ಕತ್ತರಿಸಿದ ಕುಚ್ಚುತುದಿಗಳು ಕಂಡರೆ ಅದು ಬೇಗದ ಕೆಲಸ. ಎರಡಕ್ಕೂ ಒಂದೇ ಬೆಲೆ ಹೇಳಿದರೆ ಒಪ್ಪಬೇಡಿ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ವಾಲಿಸಿ ನೋಡಿ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿದ್ದರೆ ಮಡಿಕೆ ಮಡಿಕೆಗೂ ಬಣ್ಣ ಹೊರಳುತ್ತದೆ. ಅದನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ನೋಡಿ ಪ್ರಯೋಜನವಿಲ್ಲ.

ಫ್ರಾನ್ಸಿನ ಋಣ ಇಷ್ಟಕ್ಕೇ ಮುಗಿಯುವುದಿಲ್ಲ. ಹನೂರು, ಯಳಂದೂರಿನ ಕಡೆ ಹುಳ ಸಾಕುವ ಮನೆಗಳಲ್ಲಿ ಲೂಯಿ ಪಾಸ್ಚರ್ ಇದ್ದಾನೆ. ಅವನ ಕಾಲದಲ್ಲಿ ಹುಳಗಳಿಗೆ ಗಂಟುರೋಗ ಬಂದು ಫ್ರಾನ್ಸಿನ ರೇಷ್ಮೆ ನೆಲಕಚ್ಚಿತ್ತು. 1853ರಲ್ಲಿ 2.6 ಕೋಟಿ ಕಿಲೋ ಇದ್ದ ಗೂಡಿನ ಬೆಳೆ 1865ರ ಹೊತ್ತಿಗೆ 40 ಲಕ್ಷಕ್ಕೆ ಇಳಿದಿತ್ತು. ಆ ವರ್ಷ ಪಾಸ್ಚರ್ ದಕ್ಷಿಣದ ಅಲೆಸ್ ಊರಿಗೆ ಬಂದ. ಅವನು ರಸಾಯನಶಾಸ್ತ್ರದವನು, ರೇಷ್ಮೆ ಹುಳದ ಪರಿಚಯವೇ ಇರಲಿಲ್ಲ. ವರ್ಷಗಟ್ಟಲೆ ಅದರ ಹಿಂದೆ ಬಿದ್ದ, ನಡುವೆ 1868ರಲ್ಲಿ ಲಕ್ವ ಹೊಡೆದು ಎಡಮೈ ಸೋತರೂ ಬಿಡಲಿಲ್ಲ. ರೋಗ ತಾಯಿಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ತೋರಿಸಿದ, ಅದನ್ನು ತಡೆಯುವ ದಾರಿಯನ್ನೂ ಹೇಳಿದ: ಒಂದೊಂದು ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆ ಇಡಿಸಿ, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ಸುಟ್ಟುಬಿಡಿ. ರೈತರಿಗೆ ಮೊಟ್ಟೆ ಒದಗಿಸುವ ಬಿತ್ತನೆ ಕೋಠಿಗಳು ಇಂದಿಗೂ ಅದೇ ಪದ್ಧತಿಯ ಮೇಲೆ ನಿಂತಿವೆ. ರೈತ ತರುವ ರೋಗರಹಿತ ಮೊಟ್ಟೆಯ ಹಿಂದೆ ಯಾರೋ ಒಬ್ಬರು ಕಣ್ಣು ಕಿರಿದಾಗಿಸಿ ನೋಡಿದ ಆ ಗಳಿಗೆ ಇದೆ.

ಕೊಳ್ಳೇಗಾಲದ ಸೀಮೆ 1956ರವರೆಗೆ ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ರೇಷ್ಮೆಗೆ ಹೆಸರಾಗಿದ್ದುದು ಇದೇ. ಸೊಪ್ಪು, ಹುಳು, ಗೂಡು, ನೂಲು, ಮಗ್ಗ ಎಲ್ಲವೂ ಒಂದು ಹಗಲಿನ ಓಡಾಟದೊಳಗೆ ಸಿಕ್ಕುವ ಇಂಥ ಜಾಗಗಳು ಲೋಕದಲ್ಲಿ ಹೆಚ್ಚಿಲ್ಲ. ಲಿಯಾನಿನಲ್ಲೂ ಇಂದು ಹಾಗೆ ಸಿಕ್ಕುವುದಿಲ್ಲ.

ಆದರೆ ನಾವು ರೇಷ್ಮೆಯನ್ನು ಬೀರುವಿನಲ್ಲಿ ಬಚ್ಚಿಟ್ಟು ಮದುವೆಗೆ, ಮಾದಪ್ಪನ ಬೆಟ್ಟದ ಜಾತ್ರೆಗೆ ಮಾತ್ರ ತೆಗೆಯುತ್ತೇವೆ. ಈ ಒಂದು ವಿಷಯದಲ್ಲಿ ಫ್ರೆಂಚರನ್ನು ಕಂಡು ಕಲಿಯೋಣ. ಎರ್ಮೆಸ್ ಕಂಪನಿ 1937ರಲ್ಲಿ ತಂದ ರೇಷ್ಮೆಯ ಚೌಕವನ್ನು ಪ್ಯಾರಿಸಿನ ಹೆಂಗಸರು ಕೊರಳಿಗೆ ಕಟ್ಟಿಕೊಂಡು ತರಕಾರಿ ತರಲೂ ಹೋಗುತ್ತಾರೆ. ಅದರ ಅಳತೆ ಉದ್ದಕ್ಕೂ ಅಗಲಕ್ಕೂ 90 ಸೆಂಟಿಮೀಟರು. ನಮ್ಮ ಸೀರೆಯ ಪನ್ನ ಅದಕ್ಕಿಂತ ದೊಡ್ಡದು, ಹಾಗಾಗಿ ಆ ಅಳತೆಯ ಚೌಕವನ್ನು ಕೊಳ್ಳೇಗಾಲದ ಮಗ್ಗ ಸುಲಭವಾಗಿ ನೇಯಬಲ್ಲದು. ನಿಮಗೆ ಗೊತ್ತಿರುವ ನೇಕಾರರನ್ನು ಕೇಳಿ ನೋಡಿ: ಜರಿ ಬೇಡ, ಅಂಚಿಗೆ ಸಣ್ಣ ಬಳ್ಳಿ ಸಾಕು, ಹಾಸು ಹೊಕ್ಕಿಗೆ ಎರಡು ಬಣ್ಣವಿರಲಿ. ಹತ್ತು ಜನ ಸೇರಿ ಕೇಳಿದರೆ ಅವರಿಗೂ ಹಾಸು ಹೂಡುವ ಶ್ರಮ ಗಿಟ್ಟುತ್ತದೆ. ತಂದ ಮೇಲೆ ಅಂಟುವಾಳದ ನೀರಿನಲ್ಲಿ, ತಣ್ಣೀರಿನಲ್ಲೇ, ಹಿಂಡದೆ ಒಗೆದು ನೆರಳಿನಲ್ಲಿ ಒಣಗಿಸಿ. ಸೋಮವಾರ ಆಫೀಸಿಗೆ ಅದನ್ನೇ ಹಾಕಿಕೊಂಡು ಹೋಗಿ.