ಇಂಪ್ಯಾಕ್ಟ್ ಆದವರು

ಆವತ್ತು ನಮ್ಮ ಟೀಮಿನ ಹುಡುಗನೊಬ್ಬನಿಗೆ ಕಾಲ್‌ನಲ್ಲಿ ನಾನು ಓದಿ ಹೇಳಬೇಕಿದ್ದದ್ದು ಎಚ್‌ಆರ್ ಕಳಿಸಿದ ನಾಲ್ಕೇ ಸಾಲು. ಅದರಲ್ಲೊಂದು, 'ಯುವರ್ ರೋಲ್ ಹ್ಯಾಸ್ ಬೀನ್ ಇಂಪ್ಯಾಕ್ಟೆಡ್'. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ನನ್ನನ್ನ ತೆಗೆದ್ರಾ ಸರ್?" ಅಂದ. "ಹಾಗಲ್ಲ, ರೋಲ್ ಇಂಪ್ಯಾಕ್ಟ್ ಆಗಿದೆ" ಅಂದೆ. ಅದೊಂದು ಉತ್ತರವಾ!

ಇಂಪ್ಯಾಕ್ಟ್ ಅನ್ನೋದನ್ನ ಕ್ರಿಯಾಪದವಾಗಿ ಬಳಸೋದೇ ತಪ್ಪು, 'ಅಫೆಕ್ಟ್' ಅನ್ನಬೇಕು ಅಂತ ಇಂಗ್ಲಿಷ್ ಮೇಷ್ಟ್ರುಗಳು ಗೊಣಗ್ತಾರೆ. ಆ ತಕರಾರಿನಲ್ಲಿ ಹುರುಳಿಲ್ಲ. ಕ್ರಿಯಾಪದವೇ ಹಳೆಯದು, ಸುಮಾರು 1600ರ ಹೊತ್ತಿನದು. ನಾಮಪದ ಬಂದದ್ದು 18ನೇ ಶತಮಾನದಲ್ಲಿ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಒತ್ತಿ ತುರುಕು, ಬಡಿ ಅನ್ನೋ ಅರ್ಥ. ದವಡೆಯೊಳಗೇ ಸಿಕ್ಕಿಕೊಂಡ ಬುದ್ಧಿಹಲ್ಲನ್ನು ಡೆಂಟಿಸ್ಟುಗಳು ಇಂಪ್ಯಾಕ್ಟೆಡ್ ಅನ್ನೋದು ಆ ಅರ್ಥದಲ್ಲೇ. (ಅವರು ಕಿತ್ತರೆ ಕಿತ್ತೆ ಅಂತಾದರೂ ಹೇಳ್ತಾರೆ.)

ನನ್ನ ತಕರಾರು ಬೇರೆ. ಆ ಸಾಲಿನಲ್ಲಿ ಪೆಟ್ಟಿದೆ, ಪೆಟ್ಟು ಕೊಟ್ಟವರಿಲ್ಲ. ತಿಂದದ್ದೂ ಮನುಷ್ಯನಲ್ಲ, ರೋಲು. ನೆರೆ ಸಂತ್ರಸ್ತರು ಅಂದ ಹಾಗೆ 'ಇಂಪ್ಯಾಕ್ಟೆಡ್ ಎಂಪ್ಲಾಯೀಸ್'. ಹೊಳೆ ಉಕ್ಕಿದ್ದಕ್ಕೆ ಯಾರನ್ನು ಕೇಳ್ತೀರಿ?

ಕನ್ನಡವೇನೂ ಸಾಚಾ ಅಲ್ಲ. ಪೇಪರಿನವರು ಎಲ್ಲದಕ್ಕೂ 'ಪರಿಣಾಮ ಬೀರಿದೆ' ಅಂತ ಬರೆದು ಕೈ ತೊಳೆದುಕೊಳ್ತಾರೆ, ಸಂಕ್ರಾಂತಿಗೆ ಎಳ್ಳು ಬೀರಿದ ಹಾಗೆ. ಮನೆಮಾತಿನಲ್ಲಿ ಮಾತ್ರ ಒಂದೊಂದಕ್ಕೂ ಒಂದೊಂದು: ಬಿಸಿ ತಟ್ಟುತ್ತೆ, ದೃಷ್ಟಿ ತಾಗುತ್ತೆ, ಗಾಳಿ ಸೋಕುತ್ತೆ, ಮಾತು ನಾಟುತ್ತೆ. ಅಲ್ಲೂ 'ಕೆಲಸ ಹೋಯ್ತು' ಅಂದಾಗ ಕಳಿಸಿದವರು ಕಾಣಲ್ಲ, ನಿಜ. ಆದರೆ 'ತೆಗೆ' ಅನ್ನೋ ಪದ ಬಾಯಿಗೆ ಬಂತೋ, ಸಿಕ್ಕಿಬಿದ್ದಿರಿ. ತೆಗೆದಿದ್ದಾರೆ, ತೆಗೆದಿದ್ದೇವೆ, ತೆಗೆದಿದ್ದೇನೆ. ಯಾರು ಅನ್ನೋದು ಬಾಲದಲ್ಲೇ ಅಂಟಿಕೊಂಡಿರುತ್ತೆ. 'ತೆಗೆಯಲಾಗಿದೆ' ಅಂತ ನುಣುಚಿಕೊಳ್ಳಬಹುದು. ಆದರೆ ಎದುರಿಗೆ ಕೂತವನ ಹತ್ರ ಸರ್ಕಾರಿ ಸುತ್ತೋಲೆಯ ಥರ ಯಾರು ಮಾತಾಡ್ತಾರೆ? ಅದಕ್ಕೇ ಇರಬೇಕು, ಕನ್ನಡದವನ ಜೊತೆ ಕನ್ನಡದಲ್ಲೇ ಹರಟುವ ನಾನು ಆವತ್ತು ಇಂಗ್ಲಿಷ್ ಪದವನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅವನ 'ತೆಗೆದ್ರಾ' ಇನ್ನೂ ತಲೆಯಲ್ಲಿ ಉಳಿದಿದೆ. ಆಡುಮಾತಿನಲ್ಲಿ ಅದು ಅವರು ತೆಗೆದರಾ ಅಂತಲೂ ಆಗುತ್ತೆ, ನೀವು ತೆಗೆದಿರಾ ಅಂತಲೂ ಆಗುತ್ತೆ. ಯಾವುದು ಅಂತ ನಾನು ಕೇಳಲಿಲ್ಲ. ಪಟ್ಟಿ ಮಾಡಿದ ಮೀಟಿಂಗಿನಲ್ಲಿ ನಾನೂ ಇದ್ದೆ.